ಗಾಳಿಗೆ ಬಿದ್ದ ಮರ ಕುಯ್ಲಿಕ್ಕೆ ಹೋಗುವವರು ಮೆಷಿನ್ ಸ್ಟಾರ್ಟ್ ಮಾಡುವ ಮೊದಲು ಇದನ್ನು ಓದಿ

ನಾಲ್ಕುನಾಡ್ ತೋಟ – ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕರೆಂಟ್ ಇಲ್ಲ, ಜೀಪಲ್ಲಿ ಫೋನ್ ಚಾರ್ಜ್ ಮಾಡ್ಕೊಂಡು ಬರೀತಾ ಇದ್ದೇನೆ, ತಪ್ಪಿದ್ರೆ ಹೊಂದಿಸ್ಕೊಂಡು ಓದಿ. ನಮ್ಮದು ಕೊಡಗಲ್ಲಿ ನಾಪೋಕ್ಲು ದಾಟಿ ಕಕ್ಕಬ್ಬೆ ಕಡೆ ಒಳಗಿನ ಊರು. ಆರಿದ್ರ, ಪುನರ್ವಸು ಮಳೆ ಎರಡೂ ಬಿಡದೆ ಹೊಡೆದು ನೆಲ ನೀರು ಕುಡಿದು ಮೆತ್ತಗಾಗಿ ಕೂತಿತ್ತು, ಅದರ ಮೇಲೆ ಭಾನುವಾರ ರಾತ್ರಿ ಈ ಪುಷ್ಯದ ಗಾಳಿ, ಹತ್ತೂವರೆಗೆ ಶುರುವಾದದ್ದು ಬೆಳಗಿನ ಜಾವ ನಾಲ್ಕರವರೆಗೆ ನಿಲ್ಲಲೇ ಇಲ್ಲ. ಹೆಂಚು ಹಾರುವ ಸದ್ದು ಒಂದು ಕಡೆ, ಮರ ಬೀಳುವ ಸದ್ದು ಇನ್ನೊಂದು ಕಡೆ, ಮೊದಲು ಬೇರು ಕಿತ್ತುಬರುವ ಸದ್ದು ಕೇಳ್ತದೆ ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ ಆಮೇಲೆ ನೆಲ ನಡುಗ್ತದೆ.

ಬೆಳಗ್ಗೆ ನೋಡಿದ್ರೆ ನಮ್ಮ ಜಂಕ್ಷನ್‌ನಿಂದ ಮೇನ್ ರೋಡಿಗೆ ಮೂರು ಕಿಲೋಮೀಟರಲ್ಲಿ 14 ಮರ. ಊರಲ್ಲಿ ಒಬ್ಬರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮಡಿಕೇರಿಗೆ ಹೋಗ್ಲೇಬೇಕು. ಯಾರನ್ನೂ ಕಾಯ್ಲಿಕ್ಕೆ ಆಗ್ಲಿಲ್ಲ. ಎರಡು ಚೈನ್ ಸಾ, ನಾಲ್ಕು ಕತ್ತಿ, ಒಂದು ಹಗ್ಗ, ಏಳು ಜನ ಹೊರಟೆವು, ಮಧ್ಯಾಹ್ನ ಎರಡಕ್ಕೆ ಜೀಪ್ ಹೋಗುವಷ್ಟು ದಾರಿ ಮಾಡಿದೆವು, ಅವರು ಹೋಗಿ ಬಂದ್ರು, ಹುಷಾರಾಗಿದ್ದಾರೆ.

ಆದ್ರೆ ನಾನು ಬರೀತಾ ಇರೋದು ಅದಕ್ಕಲ್ಲ. ಒಂಬತ್ತನೇ ಮರ ಒಂದು ದೊಡ್ಡ ಹಲಸು, ಮೇಲಿನ ಬರೆಯಿಂದ, ಅಂದ್ರೆ ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬದಿಂದ, ಬುಡ ಸಮೇತ ಎದ್ದು ರಸ್ತೆಗೆ ಅಡ್ಡ ಬಿದ್ದಿತ್ತು, ಬೇರಿನ ಮುದ್ದೆ ಒಂದು ಆಳಿಗಿಂತ ಎತ್ತರಕ್ಕೆ ಗೋಡೆ ತರ ನಿಂತಿತ್ತು. ಅದರ ಹಿಂದೆ ಗುಂಡಿ. ಮಳೆ ಜೋರಾದಾಗ ನಮ್ಮ ಹುಡುಗ ಒಬ್ಬ, ಪಿಯುಸಿ ಓದುವವ, ಆ ಗುಂಡಿಯೊಳಗೆ ಇಳಿದು ಬೇರಿನ ಮರೆಗೆ ನಿಂತ, ಟೀ ಫ್ಲಾಸ್ಕ್ ಅವನ ಕೈಯಲ್ಲೇ ಇತ್ತು. ದೊಡ್ಡಪ್ಪನ ಮಗ ಬುಡದಿಂದ ಎರಡು ಮಾರು ಬಿಟ್ಟು ಕುಯ್ತಾ ಇದ್ದ. ಹಗ್ಗ ತಾ ಅಂತ ನಾನು ಕೂಗಿದೆ, ಹುಡುಗ ಫ್ಲಾಸ್ಕ್ ಅಲ್ಲೇ ಇಟ್ಟು ಹತ್ತಿ ಬಂದ. ಅವನು ಜೀಪಿನ ಹತ್ರ ತಲುಪಿಲ್ಲ, ಕಾಂಡ ಕಡಿದು ಬಿತ್ತು, ಭಾರ ತಪ್ಪಿದ ಕೂಡ್ಲೇ ಆ ಬೇರಿನ ಗೋಡೆ ಹಿಂದಕ್ಕೆ ವಾಲಿ ಗುಂಡಿಯಲ್ಲಿ ಹೋಗಿ ಕೂತ್ಕೊಂಡಿತು, ಮರ ಎಂದೂ ಬಿದ್ದೇ ಇಲ್ಲ ಅನ್ನೋ ಹಾಗೆ ಮೋಟು ನೆಟ್ಟಗೆ ನಿಂತಿತು. ಒಂದು ಕಣ್ಣು ಮುಚ್ಚಿ ಬಿಡುವಷ್ಟು ಹೊತ್ತು ಕೂಡ ಆಗ್ಲಿಲ್ಲ. ಫ್ಲಾಸ್ಕ್ ಈಗಲೂ ಅದರ ಅಡಿಯಲ್ಲೇ ಉಂಟು.

ನಮ್ಮಲ್ಲಿ ಯಾರಿಗೂ ಇದು ಗೊತ್ತಿರ್ಲಿಲ್ಲ. ಇಪ್ಪತ್ತು ವರ್ಷದಿಂದ ತೋಟ ಮಾಡುವ ನನಗೂ ಗೊತ್ತಿರ್ಲಿಲ್ಲ. ಕೊಡಗಿನಲ್ಲಿ ಮೆಷಿನ್‌ಗೆ ಬರ ಇಲ್ಲ, ಕರೆದ್ರೆ ಬರುವ ಹುಡುಗರಿಗೂ ಬರ ಇಲ್ಲ. ಬಿದ್ದ ಮರವನ್ನು ಹೇಗೆ ನೋಡ್ಬೇಕು ಅನ್ನೋದು ಗೊತ್ತಿರುವವರು ಕಮ್ಮಿ. ಗೊತ್ತಿರುವವರು ದಯವಿಟ್ಟು ಇಲ್ಲಿ ಬರೀರಿ, ಮುಂದಿನ ಗಾಳಿಗೆ ಮೊದಲು ಊರೂರಿಗೆ ಒಂದು ಲಿಸ್ಟ್ ಕೂಡ ಮಾಡುವ.

ಶಾಂತಳ್ಳಿ ಹುಡುಗ

ಅಣ್ಣ ಓದಿ ಮೈ ಜುಮ್ ಅಂತು. ಆ ಹುಡುಗನಿಗೆ ಏನೂ ಆಗ್ಲಿಲ್ವಲ್ಲ, ದೇವರು ದೊಡ್ಡೋನು.

ನಮ್ಮ ಸೋಮವಾರಪೇಟೆ ಕಡೆನೂ ಇದೇ ಕಥೆ ಕಣಣ್ಣ, ಆದ್ರೆ ನಮ್ಮಲ್ಲಿ ಬಿದ್ದಿದ್ದರಲ್ಲಿ ಮುಕ್ಕಾಲು ಪಾಲು ಸಿಲ್ವರ್ ಓಕ್. ಅದು ಬುಡ ಕೀಳೋದಕ್ಕಿಂತ ನಡುವಿಗೆ ಮುರಿಯೋದೇ ಜಾಸ್ತಿ, ಆಸ್ಟ್ರೇಲಿಯಾ ಕಡೆಯ ಮರ, ಬೇಗ ನೆಟ್ಟಗೆ ಬೆಳೆಯುತ್ತೆ, ಮೆಣಸು ಹಬ್ಬಿಸೋಕೆ ಒಳ್ಳೇದು ಅಂತ ಎಲ್ರೂ ಹಾಕಿದ್ವಿ, ಗಾಳಿಗೆ ಮಾತ್ರ ಕಡ್ಡಿ ಮುರಿದ ಹಾಗೆ ಮುರಿಯುತ್ತೆ. ಮೆಣಸಿನ ಬಳ್ಳಿ ತಲೆವರೆಗೂ ಹಬ್ಬಿದ್ರಂತೂ ಗಾಳಿ ಹಿಡಿಯೋಕೆ ಅದೇ ಒಂದು ಪಟ ಇದ್ದ ಹಾಗೆ. ಮುರಿದ ತುದಿ ಪಕ್ಕದ ಮರದ ಕವೆಯಲ್ಲಿ ಸಿಕ್ಕಿಕೊಂಡು ನೇತಾಡ್ತಾ ಇರುತ್ತೆ, ಕೆಳಗೆ ನಾವು ತಲೆ ತಗ್ಗಿಸಿ ಕುಯ್ತಾ ಇರ್ತೀವಿ. ನಿನ್ನೆ ಹಂಗೇ ಒಂದು ಕೊಂಬೆ ನಮ್ಮ ಟ್ರಾಕ್ಟರ್ ಬಾನೆಟ್ ಮೇಲೆ ಬಿತ್ತು, ಒಂದಡಿ ಈ ಕಡೆ ಬಿದ್ದಿದ್ರೆ ಡ್ರೈವರ್ ಮೇಲೆ. ಈಗ ನಾವು ಒಬ್ಬನ್ನ ಬರೀ ಮೇಲೆ ನೋಡೋಕೆ ಅಂತಾನೇ ನಿಲ್ಲಿಸ್ತೀವಿ, ಬಾಯಲ್ಲಿ ಸೀಟಿ, ಕೈಗೆ ಬೇರೆ ಯಾವ ಕೆಲಸಾನೂ ಕೊಡಲ್ಲ.

ಎಲ್ಸಿ ಇಲ್ಲದೆ ಮುಟ್ಟಬೇಡಿ

ನಾನು ಲೈನ್‌ಮ್ಯಾನ್. ಮೂರು ದಿನದಿಂದ ನಿದ್ದೆ ಇಲ್ಲ, ಚಿಕ್ಕದಾಗಿ ಬರೀತೀನಿ ಅಂದ್ಕೊಂಡೆ, ಆದ್ರೆ ಇದು ಚಿಕ್ಕದಾಗಿ ಹೇಳುವ ವಿಷಯ ಅಲ್ಲ.

ಮರ ತಂತಿ ಮೇಲೆ ಬಿದ್ದಿದ್ರೆ, ಅಥವಾ ತಂತಿ ಮರದ ಅಡಿ ಎಲ್ಲೋ ಇರಬಹುದು ಅನ್ನಿಸಿದ್ರೆ, ನೀವು ಮುಟ್ಟಬೇಡಿ. ನಾವೇ ಕಂಬ ಹತ್ತುವ ಮೊದಲು ಎಲ್ಸಿ ತಗೊಳ್ತೀವಿ, ಅಂದ್ರೆ ಲೈನ್ ಕ್ಲಿಯರ್, ಸ್ಟೇಷನ್‌ನಲ್ಲಿ ಆ ಫೀಡರ್, ಅಂದ್ರೆ ಆ ಕಡೆಗೆ ಹೋಗುವ ಲೈನ್, ಆಫ್ ಮಾಡಿ ಇಂಥವರಿಗೆ ಕೊಟ್ಟಿದ್ದೇವೆ ಅಂತ ಬರೆದುಕೊಳ್ತಾರೆ, ನಾವು ವಾಪಸ್ ಕೊಡುವವರೆಗೆ ಯಾರೂ ಆನ್ ಮಾಡೋ ಹಾಗಿಲ್ಲ. ಅಷ್ಟಾದ ಮೇಲೂ ನಾವು ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡದೆ ಅದಕ್ಕೆ ಕೈ ಹಾಕಲ್ಲ. ಯಾಕೆ ಅಂತ ಕೇಳಿದ್ರೆ ಜನರೇಟರ್.

ಎರಡು ದಿನದಿಂದ ಊರಿಗೇ ಕರೆಂಟ್ ಇಲ್ಲ, ಇನ್ನು ತಂತಿಯಲ್ಲಿ ಎಲ್ಲಿಂದ ಬರಬೇಕು ಅಂತ ಎಲ್ಲರೂ ಹೇಳ್ತಾರೆ. ಬರೋದು ಪಕ್ಕದ ಬಂಗಲೆಯಿಂದ. ಚೇಂಜ್ ಓವರ್ ಸ್ವಿಚ್, ಅಂದ್ರೆ ಲೈನ್ ಕರೆಂಟ್ ಜನರೇಟರ್ ಕರೆಂಟ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಬಿಡುವ ಸ್ವಿಚ್, ಇಲ್ಲದೆ ಜನರೇಟರ್ ವೈರನ್ನು ಸೀದಾ ಮನೆ ಬೋರ್ಡಿಗೆ ಕೊಟ್ಟಿದ್ರೆ ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಬರುತ್ತೆ, ಕಂಬದಿಂದ ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತೆ, ಟಿಸಿ ಅದನ್ನು ಉಲ್ಟಾ ಏರಿಸಿ 11 ಕೆವಿ ತಂತಿಗೆ ಬಿಡುತ್ತೆ. ನಿಮ್ಮ ಮನೆಯ 230 ವೋಲ್ಟ್ ಅಲ್ಲಿ 11,000 ಆಗಿ ಕೂತಿರುತ್ತೆ. ನೆಲಕ್ಕೆ ಬಿದ್ದ ತಂತಿಯಲ್ಲಿ ಕಿಡಿ ಬರಲೇಬೇಕು ಅಂತಿಲ್ಲ, ಸದ್ದೂ ಬರಲೇಬೇಕು ಅಂತಿಲ್ಲ, ನೋಡಿ ಹೇಳೋಕೆ ಯಾರಿಂದಲೂ ಆಗಲ್ಲ.

ಕೈ ಮುಗಿದು ಕೇಳ್ತೀನಿ, ಜನರೇಟರ್ ಇರುವವರು ಚೇಂಜ್ ಓವರ್ ಹಾಕಿಸಿ. ಹಾಕಿಸೋವರೆಗೆ ಮೇನ್ ಸ್ವಿಚ್ ಆಫ್ ಮಾಡಿ, ಮನೆ ಬೋರ್ಡಿಗೆ ಕೊಡಬೇಡಿ, ಫ್ರಿಜ್ಜಿಗೆ ಬೇರೆ ವೈರ್ ಎಳೆದು ಓಡಿಸಿ. ತಂತಿ ಬಿದ್ದದ್ದು ಕಂಡ್ರೆ ಕರೆಂಟ್ ಕಂಪ್ಲೇಂಟ್ ನಂಬರ್ 1912ಕ್ಕೆ ಹೇಳಿ, ಹತ್ತು ಮೀಟರ್ ಒಳಗೆ ಯಾರನ್ನೂ ದನವನ್ನೂ ಬಿಡಬೇಡಿ. ಗೊತ್ತಿಲ್ಲದೆ ಹತ್ರ ಹೋಗಿಬಿಟ್ಟಿದ್ರೆ ಓಡಬೇಡಿ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜಿಕೊಂಡು ಗೇಣು ಗೇಣಾಗಿ ಹಿಂದೆ ಸರೀರಿ. ಒದ್ದೆ ನೆಲದಲ್ಲಿ ಒಂದು ಕಾಲು ಇಲ್ಲಿ ಒಂದು ಕಾಲು ದೂರ ಇಟ್ರೆ ಕರೆಂಟ್ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ.

ನಾಲ್ಕುನಾಡ್ ತೋಟ

ನಮ್ಮ 14 ಮರದಲ್ಲಿ ಎರಡರ ಅಡಿ ತಂತಿ ಇತ್ತು. ಒಂದನ್ನು ಕೈಯಲ್ಲಿ ಎತ್ತಿ ಬದಿಗೆ ಹಾಕಿದ್ದು ನಾನೇ. ನಮ್ಮ ಮನೆ ಜನರೇಟರ್‌ಗೆ ಚೇಂಜ್ ಓವರ್ ಉಂಟು, ಕೆಳಗಿನ ಮನೆಯವರದ್ದು ಹೇಗೆ ಅಂತ ಇವತ್ತಿನವರೆಗೆ ಕೇಳಿಲ್ಲ. ನಾಳೆ ಬೆಳಗ್ಗೆ ಹೋಗಿ ಕೇಳ್ತೇನೆ.

ಬೆಂಗಳೂರಲ್ಲಿರುವ ವಿರಾಜಪೇಟೆಯವ

ಅಪ್ಪ ಅಮ್ಮ ಇಬ್ಬರೇ ಊರಲ್ಲಿ. ಭಾನುವಾರ ರಾತ್ರಿಯಿಂದ ಸೋಮವಾರ ಸಂಜೆವರೆಗೆ ಫೋನ್ ಸಿಗಲಿಲ್ಲ, ಟವರ್‌ನ ಬ್ಯಾಟರಿ ಮುಗಿದಿತ್ತಂತೆ. ಪಕ್ಕದ ಊರಿನ ಹುಡುಗರು ಮರ ಕುಯ್ಕೊಂಡು ಬರ್ತಾ ಬರ್ತಾ ನಮ್ಮ ಮನೆ ಮುಂದೆ ನಿಂತು ಹೇಗಿದ್ದೀರಾ ಅಂತ ಕೇಳಿ, ನೆಟ್‌ವರ್ಕ್ ಇರುವ ಕಡೆ ಹೋಗಿ ನನಗೆ ಮೆಸೇಜ್ ಹಾಕಿದ್ರು. ಅವರು ಯಾರು ಅಂತಲೂ ನನಗೆ ಗೊತ್ತಿಲ್ಲ. ಎರಡು ಹೊಸ ಚೈನ್ ಸಾ ಕಳಿಸಬೇಕು ಅಂತ ಫ್ರೆಂಡ್ಸ್ ಸೇರಿ ದುಡ್ಡು ಹಾಕ್ತಾ ಇದ್ದೀವಿ, ಯಾವುದು ತಗೋಬೇಕು ಹೇಳಿ.

ಮೂವತ್ತು ವರ್ಷದ ಗರಗಸ

ತಮ್ಮ, ಮೆಷಿನ್ ಕಳಿಸಬೇಡ. ಮೆಷಿನ್ ಇಲ್ಲಿ ಬೇಕಾದಷ್ಟು ಉಂಟು. ಅದೇ ದುಡ್ಡಲ್ಲಿ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕಾಲಿಗೆ ಹಾಕುವ ಚೈನ್ ಸಾ ಪ್ಯಾಂಟ್ ಸಿಗ್ತದೆ, ಒಳಗೆ ನೂಲಿನ ಪದರ ಇರ್ತದೆ, ಚೈನ್ ತಾಗಿದ್ರೆ ನೂಲು ಸುತ್ಕೊಂಡು ಮೆಷಿನ್ ನಿಂತು ಹೋಗ್ತದೆ, ಅದನ್ನು ಕಳಿಸು. ಪ್ಲಾಸ್ಟಿಕ್ ಬೆಣೆ ಕಳಿಸು. ಒಂದು ಒಳ್ಳೆ ಹಗ್ಗ, ಒಂದು ಕೈ ವಿಂಚ್. ನಮ್ಮ ಹುಡುಗರು ಬರ್ಮುಡಾ ಚಡ್ಡಿ, ರಬ್ಬರ್ ಚಪ್ಪಲಿ ಹಾಕ್ಕೊಂಡು ಮೆಷಿನ್ ಹಿಡೀತಾರೆ, ಅದನ್ನು ನೋಡಿದ್ರೆ ನನಗೆ ಊಟ ಸೇರಲ್ಲ.

ಈಗ ನಾಲ್ಕುನಾಡಿನವರು ಕೇಳಿದ್ದಕ್ಕೆ. ನಾನು ಮೊದಲು ಉದ್ದ ಗರಗಸದಲ್ಲಿ ಕುಯ್ದವ, ಒಬ್ಬ ಮೇಲೆ ಒಬ್ಬ ಕೆಳಗೆ, ಆಮೇಲೆ ಮೆಷಿನ್ ಬಂತು. ನಿಂತ ಮರ ಕಡಿಯುವುದಕ್ಕಿಂತ ಗಾಳಿಗೆ ಬಿದ್ದ ಮರ ಕುಯ್ಯುವುದು ಕಷ್ಟ. ಬಿಲ್ಲಿಗೆ ಹೆದೆ ಏರಿಸಿದಷ್ಟು ಬಿಗಿ ಅದರೊಳಗೆ ಇರ್ತದೆ, ಎಲ್ಲಿ ಇದೆ ಅಂತ ನೋಡದೆ ಕುಯ್ದ್ರೆ ಅದು ನಿನ್ನ ಮೇಲೆ ಬಿಡ್ತದೆ.

ಮರ ಈ ಬರೆಯಿಂದ ಆ ಬರೆಗೆ ಸೇತುವೆ ತರ ಬಿದ್ದಿದ್ರೆ ಮೇಲಿನ ಮೈ ಒತ್ತಿಕೊಂಡಿರ್ತದೆ, ಕೆಳಗಿನ ಮೈ ಎಳೆದುಕೊಂಡಿರ್ತದೆ. ಮೇಲಿಂದ ಒಂದೇ ಸಮ ಕುಯ್ತಾ ಹೋದ್ರೆ ಬಾರ್, ಅಂದ್ರೆ ಚೈನ್ ಸುತ್ತುವ ಪಟ್ಟಿ, ಕಚ್ಚಿಕೊಳ್ತದೆ, ಎಳೆದ್ರೂ ಬರಲ್ಲ. ಮೇಲಿಂದ ಕಾಲು ಭಾಗ ಕುಯ್ದು, ಬಾಯಿ ಮುಚ್ಚಲಿಕ್ಕೆ ಶುರುವಾಯ್ತು ಅನ್ನುವಾಗ ತೆಗೆದು ಕೆಳಗಿಂದ ಮೇಲಕ್ಕೆ ಬಾ. ಒಂದು ಕಡೆ ಮಾತ್ರ ಆಧಾರ ಇದ್ದು ತುದಿ ನೇತಾಡ್ತಾ ಇದ್ರೆ ಲೆಕ್ಕ ಉಲ್ಟಾ, ಮೊದಲು ಕೆಳಗಿಂದ ಸ್ವಲ್ಪ, ಆಮೇಲೆ ಮೇಲಿಂದ. ಇದನ್ನು ತಪ್ಪಿದ್ರೆ ಕಾಂಡ ಉದ್ದಕ್ಕೆ ಸೀಳಿ ಎದೆಗೆ ಬರ್ತದೆ. ಎರಡು ಮರದ ನಡುವೆ ಅಡ್ಡಕ್ಕೆ ಬಾಗಿ ಸಿಕ್ಕಿದ್ರೆ ಒಳಬಾಗಿನ ಕಡೆ ನಿಲ್ಲು, ಉಬ್ಬಿದ ಕಡೆ ಯಾವತ್ತೂ ನಿಲ್ಲಬೇಡ, ಬಿಟ್ಟುಕೊಂಡಾಗ ಅದು ಹಾರೋದು ಉಬ್ಬಿದ ಕಡೆಗೇ. ಇಳಿಜಾರಲ್ಲಿ ಮರದ ಮೇಲಿನ ಮಗ್ಗುಲಲ್ಲಿ ನಿಲ್ಲು, ತುಂಡು ಉರುಳಿದ್ರೆ ಕೆಳಗೆ ಹೋಗ್ತದೆ.

ದೊಡ್ಡ ಮರಕ್ಕೆ ಎಲ್ಲರೂ ಹೆದರ್ತಾರೆ. ನಾನು ನೋಡಿದ ಪೆಟ್ಟಲ್ಲಿ ಹೆಚ್ಚಿನದ್ದು ಅದರ ಅಡಿ ಬಾಗಿ ಸಿಕ್ಕಿಹಾಕಿಕೊಂಡ ಕೈ ಗಾತ್ರದ ಗಿಡದಿಂದ. ದಾರಿಗೆ ಅಡ್ಡ ಅಂತ ಅದನ್ನು ಕತ್ತಿಯಲ್ಲಿ ಒಂದೇಟು ಹಾಕ್ತಾರೆ, ಅದು ಚಾಟಿ ತರ ಬಂದು ಮುಖಕ್ಕೆ. ನನ್ನ ಎಡಗಣ್ಣು ಹೋದದ್ದು ಹಾಗೆ. ಬಾಗಿದ ಗಿಡ ಕಂಡ್ರೆ ಬದಿಗೆ ನಿಂತು, ಬಾಗು ಎಲ್ಲಿ ಹೆಚ್ಚು ಉಂಟೋ ಅಲ್ಲಿ ಒಳಗಿನ ಮೈಯನ್ನು ಕತ್ತಿಯಲ್ಲಿ ಸ್ವಲ್ಪ ಸ್ವಲ್ಪ ಹೆರೆದು ಬಿಡು, ಅದೇ ನಿಧಾನ ಮಡಚಿಕೊಳ್ತದೆ.

ಬೇರಿನ ಮುದ್ದೆ ಎದ್ದ ಮರಕ್ಕೆ, ಕುಯ್ಯುವ ಮೊದಲು ಒಬ್ಬ ಹಿಂದೆ ಹೋಗಿ ಗುಂಡಿ ನೋಡಿ ಬರ್ಲಿ, ಜನ ಇಲ್ಲ, ನಾಯಿ ಇಲ್ಲ ಅಂತ ಕೂಗಿ ಹೇಳ್ಲಿ. ಬುಡದ ಕಡೆ ಕಾಂಡ ಉದ್ದ ಬಿಡಿ, ಉದ್ದ ಇದ್ದಷ್ಟು ಅದು ಏಳಲಿಕ್ಕೆ ಕಷ್ಟ. ಆಗೋದಾದ್ರೆ ಮುದ್ದೆಯನ್ನು ಹಗ್ಗ ಹಾಕಿ ಬೇರೆ ಮರಕ್ಕೆ ಕಟ್ಟಿ. ಮತ್ತೆ ಬಾರಿನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದ್ರೆ ಮೆಷಿನ್ ಹಿಂದಕ್ಕೆ ಮುಖಕ್ಕೆ ಒದೀತದೆ. ಭುಜಕ್ಕಿಂತ ಮೇಲೆ ಎತ್ತಿ ಕುಯ್ಯಬಾರದು. ಸಿಕ್ಕಿ ನೇತಾಡುವ ಮರದ ಅಡಿಗೆ ಹೋಗಬಾರದು, ಜೆಸಿಬಿ ಬರ್ಲಿ.

ಇದೆಲ್ಲ ಬರೆದು ಕಲಿಸೋದಲ್ಲ. ಮೂರ್ನಾಡು, ನಾಪೋಕ್ಲು ಸುತ್ತ ಎಲ್ಲಿ ಕರೆದ್ರೂ ಬರ್ತೇನೆ, ಬಿದ್ದ ಮರದ ಹತ್ರವೇ ತೋರಿಸ್ತೇನೆ, ದುಡ್ಡು ಬೇಡ.

ಶಾಂತಳ್ಳಿ ಹುಡುಗ

ಮಾವ, ಇದನ್ನ ಪ್ರಿಂಟ್ ತೆಗೆಸಿ ನಮ್ಮ ಹುಡುಗರಿಗೆ ಕೊಡ್ತೀನಿ. ಒಂದು ಡೌಟು, ನಮ್ಮ ಮೆಷಿನ್ ಎರಡನೇ ದಿನಕ್ಕೆ ಸ್ಟಾರ್ಟೇ ಆಗಲಿಲ್ಲ, ಪೆಟ್ರೋಲ್‌ಗೆ 2ಟಿ ಆಯಿಲ್ ಎಷ್ಟು ಹಾಕ್ಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೂವತ್ತು ವರ್ಷದ ಗರಗಸ

ಮೆಷಿನ್ ಬುಕ್ಕಲ್ಲಿ 50ಕ್ಕೆ 1 ಅಂತ ಇದ್ರೆ ಲೀಟರಿಗೆ 20 ಎಂಎಲ್. 25ಕ್ಕೆ 1 ಅಂತ ಇದ್ರೆ 40. ಅಂದಾಜಲ್ಲಿ ಹಾಕಬೇಡಿ. ಮಳೆಗೆ ಕ್ಯಾನ್ ಬಾಯಿ ತೆಗೆದಿಟ್ಟು ನೀರು ಸೇರಿದ್ರೂ ಸ್ಟಾರ್ಟ್ ಆಗಲ್ಲ, ನಿಮ್ಮದು ಅದೇ ಇರಬೇಕು. ಚೈನ್ ಮೊಂಡಾದ್ರೆ ಮರದಿಂದ ಸಿಪ್ಪೆ ಬದಲು ಹುಡಿ ಬರ್ತದೆ, ಆಗ ನಿಲ್ಲಿಸಿ ಅರ ಹಾಕಿ, ಒತ್ತಿ ಕುಯ್ಯಬೇಡಿ. ಮಣ್ಣು ಮೆತ್ತಿದ ಕಾಂಡವನ್ನು ಮೊದಲು ಕತ್ತಿಯಲ್ಲಿ ಕೆರೆದು ಕುಯ್ಯಿರಿ.

ಅಮ್ಮತ್ತಿ ಅಕ್ಕ

ಎಲ್ಲರೂ ಒಳ್ಳೆ ಕೆಲಸ ಮಾಡ್ತಾ ಇದ್ದೀರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾನು ಒಂದು ಕೇಳ್ಬೇಕು. ರಸ್ತೆ ಬಿಡಿಸಿದ ಫೋಟೋ ಎಲ್ಲಾ ಕಡೆ ಉಂಟು, ತೋಟದ ಕೆಲಸದವರು ಇರುವ ಲೈನ್ ಮನೆಗೆ ಹೋಗುವ ದಾರಿ ಬಿಡಿಸಿದವರು ಎಷ್ಟು ಜನ? ನಮ್ಮ ಕಡೆ ಒಂದು ತೋಟದಲ್ಲಿ ಆರು ಮನೆ ಲೈನ್, ಮುಂದೆ ಎರಡು ಮರ ಬಿದ್ದಿದೆ, ನೀರಿನ ಪೈಪ್ ಒಡೆದಿದೆ, ಶೌಚಾಲಯದ ಮೇಲೆ ಕೊಂಬೆ. ಮಂಗಳವಾರ ಸಂಜೆವರೆಗೆ ಯಾರೂ ಹೋಗಿಲ್ಲ. ಅವರು ಮರದ ಅಡಿ ತೂರಿಕೊಂಡು ಹೋಗಿ ತೋಡಿಂದ (ಸಣ್ಣ ಹಳ್ಳದಿಂದ) ನೀರು ತರ್ತಾ ಇದ್ರು. ಒಬ್ಬಳಿಗೆ ಎಂಟು ತಿಂಗಳು, ಅವಳೂ ಹಾಗೇ ತೂರಿಕೊಂಡು. ನಾನು ಹೋದಾಗ ಆ ಹುಡುಗಿ ಕೊಡವನ್ನು ಮೊದಲು ಕಾಂಡದ ಅಡಿಯಿಂದ ಆಚೆ ತಳ್ಳಿ, ಆಮೇಲೆ ಮಗ್ಗುಲಾಗಿ ಮಲಗಿ, ಒಂದು ಕೈ ಹೊಟ್ಟೆ ಮೇಲೆ ಇಟ್ಟುಕೊಂಡು ತೆವಳಿ ಬರ್ತಾ ಇದ್ದಳು. ಮೂವತ್ತು ವರ್ಷದ ಗರಗಸದವರು ಹೇಳಿದ್ದನ್ನು ಈಗ ಓದಿದ ಮೇಲೆ ಆ ಮರ ಎರಡು ಬರೆಗೆ ಸೇತುವೆ ತರ ಇತ್ತು ಅನ್ನೋದು ನೆನಪಾಗಿ ಕೈಕಾಲು ತಣ್ಣಗಾಗ್ತಾ ಉಂಟು.

ಇನ್ನೊಂದು, ಆನೆ. ಸೋಲಾರ್ ಬೇಲಿ ಮೇಲೆ ಮರ ಬಿದ್ದು ನಾಲ್ಕು ಕಡೆ ತಂತಿ ನೆಲಕ್ಕೆ ಬಂದಿದೆ, ಈಗ ತೋಟಕ್ಕೆ ಬಾಗಿಲು ತೆಗೆದಿಟ್ಟ ಹಾಗೆ. ಹಣ್ಣಿದ್ದ ಹಲಸಿನ ಮರ ಬಿದ್ದಿದ್ರೆ ರಾತ್ರಿ ಅದರ ವಾಸನೆಗೇ ಬರ್ತವೆ. ಕುಯ್ದ ಹಲಸಿನ ಕಾಯಿ ಹಣ್ಣನ್ನು ರಸ್ತೆ ಬದಿ, ಮನೆ ಬದಿ ರಾಶಿ ಹಾಕಿ ಹೋಗಬೇಡಿ ದಯವಿಟ್ಟು. ಸಂಜೆ ಐದಕ್ಕೆ ಕೆಲಸ ನಿಲ್ಲಿಸಿ, ಮೆಷಿನ್ ಸದ್ದಲ್ಲಿ ಹಿಂದೆ ಬಂದು ನಿಂತದ್ದು ಗೊತ್ತಾಗಲ್ಲ.

ಹಳೇ ಜೀಪ್

ಅಕ್ಕ, ಬೇಜಾರು ಮಾಡ್ಕೋಬೇಡಿ, ತೋಟದ ಒಳಗಿನದ್ದು ಮಾಲೀಕರ ಜವಾಬ್ದಾರಿ ಅಲ್ವಾ? ವಾಲಂಟಿಯರ್ಸ್ ಅಂದ್ರೆ ಪಬ್ಲಿಕ್ ರೋಡ್. ಆಂಬ್ಯುಲೆನ್ಸ್, ಹಾಲಿನ ಗಾಡಿ, ಲೈನ್‌ಮ್ಯಾನ್‌ಗಳ ಪಿಕಪ್ ಎಲ್ಲ ಓಡಾಡಬೇಕು. ಒಬ್ಬರ ತೋಟಕ್ಕೆ ಹೋದ್ರೆ ನಮ್ಮದಕ್ಕೂ ಬನ್ನಿ ಅಂತಾರೆ, ಮಾಲೀಕರ ಪರ್ಮಿಷನ್ ಇಲ್ಲದೆ ಮರ ಮುಟ್ಟಿದ್ರೆ ನಾಳೆ ಜಗಳ. ನಮಗೆ ಒಂದು ಸಲ ಆಗಿದೆ, ಸಹಾಯ ಮಾಡ್ಲಿಕ್ಕೆ ಹೋಗಿ ಕಾಫಿ ಗಿಡ ಹಾಳು ಮಾಡಿದ್ರಿ ಅಂತ ಬೈಸಿಕೊಂಡು ಬಂದಿದ್ದೇವೆ.

ಅಮ್ಮತ್ತಿ ಅಕ್ಕ

ಮಾಲೀಕರು ಊರಲ್ಲಿಲ್ಲ, ತೋಟದ ಲೆಕ್ಕ ನೋಡುವ ರೈಟರ್ ಫೋನ್ ಸ್ವಿಚ್ ಆಫ್. ಹೊಣೆ ಯಾರದ್ದು ಅಂತ ಮಳೆಗಾಲ ಮುಗಿದ ಮೇಲೆ ಕೂತು ಮಾತಾಡುವ. ಆ ಹುಡುಗಿಗೆ ಹೆರಿಗೆ ನೋವು ಬಂದ್ರೆ ನೀವು ಬಿಡಿಸಿದ ಪಬ್ಲಿಕ್ ರೋಡಿನವರೆಗೆ ಅವಳನ್ನು ತರೋದು ಹೇಗೆ, ಅದನ್ನು ಹೇಳಿ.

ನಾಲ್ಕುನಾಡ್ ತೋಟ

ಅಕ್ಕ ಹೇಳಿದ್ದು ಸರಿ. ನಮ್ಮ ಊರಲ್ಲೂ ನಾವು ಲೈನ್ ಮನೆ ಕಡೆ ಹೋದದ್ದು ಮಂಗಳವಾರ, ಅದೂ ಕೆಲಸಕ್ಕೆ ಯಾಕೆ ಬಂದಿಲ್ಲ ಅಂತ ಕೇಳ್ಲಿಕ್ಕೆ. ಬರೀಲಿಕ್ಕೆ ನಾಚಿಕೆ ಆಗ್ತದೆ. ಜೀಪ್ ಅಣ್ಣ, ನಿಮ್ಮ ಮಾತಲ್ಲೂ ವಿಷಯ ಉಂಟು, ಅದಕ್ಕೇ ಲಿಸ್ಟ್ ಮಾಡುವಾಗ ಮಳೆಗೆ ಮೊದಲೇ ತೋಟದವರ ಹತ್ರ ಒಪ್ಪಿಗೆ ತಗೊಂಡು ಇಡುವ, ಜನ ಇರುವ ಮನೆಗೆ ದಾರಿ ಬಿಡಿಸ್ಲಿಕ್ಕೆ ಯಾರೂ ಫೋನ್ ಕಾಯಬೇಕಾಗಿಲ್ಲ ಅಂತ. ಒಂದು ಸಾಲು ಬರೆದು ಸಹಿ ಹಾಕಿದ್ರೆ ಸಾಕು.

ರಿಟೈರ್ಡ್ ಮೇಷ್ಟ್ರು, ಮಡಿಕೇರಿ

ಎಲ್ಲರೂ ಗಾಳಿ ಬಗ್ಗೆ ಬರೆದಿದ್ದೀರಿ. ನಾನು ನೆಲದ ಬಗ್ಗೆ ಒಂದು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆ ಗುಡ್ಡ ಜಾರಿದ್ದನ್ನು ನಾವು ನೋಡಿದವರು. ಮರುವರ್ಷ 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ, ಮೂರೂ ಆಗಸ್ಟ್ ತಿಂಗಳಲ್ಲೇ. ಹಾಗಾಗಿ ಈ ಹೊತ್ತಲ್ಲಿ ಇಳಿಜಾರಿನಲ್ಲಿ ಮರ ಬಿದ್ದದ್ದು ಕಂಡ್ರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಬೀಳಿಸಿದ್ದು ಗಾಳಿಯಾ ಅಥವಾ ಅಡಿಯ ಮಣ್ಣಾ.

ಗಾಳಿಗೆ ಬಿದ್ರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಬೀಳ್ತದೆ, ಪಕ್ಕದ ಮರ ನೆಟ್ಟಗೆ ಇರ್ತದೆ. ಒಂದು ತುಂಡು ಜಾಗದ ಮರ, ಕಾಫಿ ಗಿಡ, ಬೇಲಿ ಕಂಬ ಎಲ್ಲ ಒಟ್ಟಿಗೆ ವಾಲಿದ್ರೆ, ಮೇಲ್ಗಡೆ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು ಇದ್ರೆ, ನಿನ್ನೆ ತಿಳಿಯಾಗಿದ್ದ ತೋಡಿನ ನೀರು ಇವತ್ತು ಕೆಂಪಾಗಿ ಬಂದ್ರೆ ಅಥವಾ ಮಳೆ ಸುರಿಯುವಾಗಲೇ ತೋಡಲ್ಲಿ ನೀರು ದಿಢೀರ್ ಕಮ್ಮಿಯಾದ್ರೆ, ಅಲ್ಲಿ ಮೆಷಿನ್ ಇಳಿಸಬೇಡಿ. ಕೆಳಗಿನ ಮನೆಯವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ, ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೋ 112ಕ್ಕೋ ಹೇಳಿ. ಅಂಥ ಜಾಗದಲ್ಲಿ ಬಿದ್ದ ಮರದ ಬೇರು ಕೆಲವೊಮ್ಮೆ ಆ ಮಣ್ಣನ್ನು ಹಿಡಿದಿರುವ ಕೊನೆಯ ವಸ್ತು. ಜೆಸಿಬಿಯಲ್ಲಿ ಬರೆಯ ಬುಡ ಕೆರೆದು ಮರ ಎಳೆಯುವುದಂತೂ ಬೇಡವೇ ಬೇಡ. ರಸ್ತೆ ಅಗಲ ಮಾಡುವಾಗ ಬೇರು ಕಡಿದ ಮರಗಳೇ ಅಲ್ಲವೇ ಈಗ ಒಂದೊಂದಾಗಿ ಬೀಳ್ತಾ ಇರೋದು.

ಕರಿಮೆಣಸು

ಸಾರ್ ಹೇಳಿದ್ದು ನೂರಕ್ಕೆ ನೂರು. ನಾನು ಬೆಳೆಗಾರರ ಕಡೆಯಿಂದ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಮರ ತೆಗೆಯೋ ಅವಸರದಲ್ಲಿ ಉಳಿಯುವ ಗಿಡವನ್ನೂ ಕಳ್ಕೊಳ್ತೇವೆ. ಮರದ ಅಡಿ ಸಿಕ್ಕಿದ ರೋಬಸ್ಟಾ ಕಾಫಿ ಗಿಡ ಸೀಳಿ ಹೋಗಿದೆ ಅಂತ ಬುಡ ಸಮೇತ ಕೀಳಬೇಡಿ. ಮೊಣಕಾಲೆತ್ತರಕ್ಕೆ ಓರೆಯಾಗಿ ನುಣ್ಣಗೆ ಕುಯ್ದು ಕೊಳೆಯದ ಹಾಗೆ ಬೋರ್ಡೋ ಪೇಸ್ಟ್ ಹಚ್ಚಿ, ಮೈಲುತುತ್ತ ಒಂದು ಕೆಜಿ ಸುಣ್ಣ ಒಂದು ಕೆಜಿ ಹತ್ತು ಲೀಟರ್ ನೀರು, ಚಿಗುರು ಬಂದ ಮೇಲೆ ಒಳ್ಳೇದು ಒಂದೆರಡು ಬಿಟ್ಟು ಉಳಿದದ್ದು ತೆಗೆದ್ರೆ ಗಿಡ ಮತ್ತೆ ಏಳ್ತದೆ. ಮೆಣಸಿನ ಬಳ್ಳಿ ಮರದ ಜೊತೆ ಮಲಗಿದ್ರೆ ಬುಡ ನೋಡಿ, ಬೇರು ನೆಲದಲ್ಲೇ ಇದ್ರೆ ಬಳ್ಳಿಯನ್ನು ಮರದಿಂದ ನಿಧಾನ ಬಿಡಿಸಿ ಸುತ್ತಿಟ್ಟು ಪಕ್ಕದಲ್ಲಿ ಬೇರೆ ಆಧಾರ ಕೊಡಿ. ಗಾಯ ಆದ ಬಳ್ಳಿಗೆ ಈ ಮಳೆಯಲ್ಲಿ ಸೊರಗು ರೋಗ ಬೇಗ ಹತ್ತುತ್ತದೆ, ಮಳೆ ಬಿಡುವು ಕೊಟ್ಟಾಗ ಬಳ್ಳಿಗೆ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಹೊಡೀರಿ.

ನಮ್ಮ ತಂದೆ ನೆಟ್ಟ ಬಳ್ಳಿ, ಒಂದು ನಂದಿ ಮರಕ್ಕೆ ಹಬ್ಬಿಸಿದ್ದು, ಅದೂ ಹೋಯ್ತು. ಕುಯ್ಲಿಕ್ಕೆ ಬಂದ ಹುಡುಗರಿಗೆ ಸ್ವಲ್ಪ ತಡೀರಿ ಅಂದೆ, ಅರ್ಧ ಗಂಟೆ ಮಳೆಯಲ್ಲಿ ನಿಂತು ಕಾದ್ರು ಪಾಪ, ಅಷ್ಟರಲ್ಲಿ ಎಪ್ಪತ್ತು ತುಂಡು ಬಳ್ಳಿ ಕಡಿದು ಗೋಣಿಯಲ್ಲಿ ತುಂಬಿಸ್ಕೊಂಡೆ. ಈಗ ಪ್ಯಾಕೆಟಲ್ಲಿ ಹಾಕಿ ಇಟ್ಟಿದ್ದೇನೆ.

ಹಳೇ ಜೀಪ್

ಮರ ಯಾರಿಗೆ ಅನ್ನೋದನ್ನೂ ಹೇಳಿಬಿಡಿ ಯಾರಾದ್ರೂ. ನಮ್ಮ ಕಡೆ ರಸ್ತೆಗೆ ಬಿದ್ದ ಬೀಟೆ ಮರ ಬೆಳಗಾಗೋದ್ರೊಳಗೆ ನಾಟಾ ಆಗಿ ಹೋಗಿತ್ತು, ಆಮೇಲೆ ದಾರಿ ಬಿಡಿಸಿದ ನಮ್ಮ ಹುಡುಗರನ್ನು ಕರೆದು ವಿಚಾರಣೆ ಮಾಡಿದ್ರು.

ಮೂವತ್ತು ವರ್ಷದ ಗರಗಸ

1976ರ ಮರ ಸಂರಕ್ಷಣಾ ಕಾಯ್ದೆ ಉಂಟು, ಅದರ ಮೇಲೆ ಕೊಡಗಲ್ಲಿ ಜಾಗದ ಲೆಕ್ಕವೇ ಬೇರೆ, ಜಮ್ಮ, ಬಾಣೆ ಅಂತ ಹಳೇ ಕಾಲದ ಹಿಡುವಳಿ, ಅದರಲ್ಲೂ ಸರ್ಕಾರಕ್ಕೆ ದುಡ್ಡು ಕಟ್ಟಿ ಮರದ ಹಕ್ಕು ಬಿಡಿಸಿಕೊಂಡದ್ದು (ರಿಡೀಮ್ ಆದದ್ದು), ಆಗದ್ದು ಅಂತ, ಮರದ ಹಕ್ಕು ಅದರ ಮೇಲೆ ಹೋಗ್ತದೆ. ವಾಲಂಟಿಯರ್‌ಗೆ ಆ ತಲೆನೋವು ಬೇಡ. ಕುಯ್ಯುವ ಮೊದಲು ಒಂದು ಫೋಟೋ, ಕುಯ್ದ ಮೇಲೆ ಒಂದು ಫೋಟೋ. ದಾರಿಗೆ ಬೇಕಾದಷ್ಟೇ ಕುಯ್ದು ತುಂಡನ್ನು ಅಲ್ಲೇ ಬದಿಗೆ ಉರುಳಿಸಿ, ಒಂದು ಕಡ್ಡಿಯನ್ನೂ ಮನೆಗೆ ಒಯ್ಯಬೇಡಿ. ಬೀಟೆ, ತೇಗ, ಗಂಧ ಅಂತ ಗೊತ್ತಾದ್ರೆ ಫಾರೆಸ್ಟರ್‌ಗೆ ಹೇಳಿಯೇ ಕೈ ಹಾಕಿ. ಆಸ್ಪತ್ರೆ ಗಾಡಿ ನಿಂತಿದ್ರೆ ಮಾತ್ರ ಮೊದಲು ಕುಯ್ದು ಆ ಕೂಡ್ಲೇ ಹೇಳಿ.

ನಾಲ್ಕುನಾಡ್ ತೋಟ – ಶುಕ್ರವಾರ

ಎರಡು ದಿನದ ಸುದ್ದಿ. ಬುಧವಾರ ಕೆಳಗಿನ ಮನೆಗೆ ಹೋಗಿ ಕೇಳಿದೆ. ಚೇಂಜ್ ಓವರ್ ಇಲ್ಲ, ಎರಡು ಕಡೆ ಪಿನ್ ಇರುವ ವೈರನ್ನು ಗೋಡೆ ಪ್ಲಗ್ಗಿಗೆ ಚುಚ್ಚಿ ಓಡಿಸ್ತಾ ಇದ್ರು. ಸೋಮವಾರ ಬೆಳಗ್ಗೆ ಡೀಸೆಲ್ ಇರ್ಲಿಲ್ಲ, ಅದಕ್ಕೆ ಆನ್ ಮಾಡಿರ್ಲಿಲ್ಲ ಅಂದ್ರು. ನಾನು ತಂತಿ ಎತ್ತಿದ್ದು ಸೋಮವಾರ ಬೆಳಗ್ಗೆ. ಮನೆಗೆ ಬಂದು ಹೆಂಡತಿ ಹತ್ರ ಇನ್ನೂ ಹೇಳಿಲ್ಲ. ಅವರು ಆ ವೈರನ್ನು ನನ್ನ ಎದುರೇ ಕತ್ತರಿಸಿ ಹಾಕಿದ್ರು, ಎಲೆಕ್ಟ್ರಿಷಿಯನ್ ಬಂದು ಹೋಗಿದ್ದಾರೆ.

ಗುರುವಾರ ಗರಗಸದ ಮಾವ ನಮ್ಮೂರಿಗೆ ಬಂದ್ರು, ಹನ್ನೊಂದು ಹುಡುಗರು, ಇಬ್ಬರು ಹುಡುಗಿಯರು. ಅರ್ಧ ದಿನ ಮೆಷಿನ್ ಸ್ಟಾರ್ಟ್ ಮಾಡ್ಲಿಕ್ಕೇ ಬಿಡ್ಲಿಲ್ಲ, ಬಿದ್ದ ಮರದ ಸುತ್ತ ನಡೆಸಿ ಎಲ್ಲಿ ಒತ್ತಿಕೊಂಡಿದೆ ಎಲ್ಲಿ ಎಳೆದುಕೊಂಡಿದೆ ಅಂತ ಸುಣ್ಣದಲ್ಲಿ ಗೆರೆ ಹಾಕಿಸಿದ್ರು, ತಪ್ಪು ಹೇಳಿದವರನ್ನು ಮತ್ತೆ ನಡೆಸಿದ್ರು. ಫ್ಲಾಸ್ಕಿನ ಹುಡುಗ ಎಲ್ಲದಕ್ಕೂ ಸರಿ ಹೇಳಿದ. ಮಧ್ಯಾಹ್ನದ ಮೇಲೆ ಲೈನ್ ಮನೆ ದಾರಿಯ ಮೂರು ಮರ ತೆಗೆದೆವು, ನೀರಿನ ಪೈಪ್ ಜೋಡಿಸಿದೆವು. ಅಮ್ಮತ್ತಿ ಅಕ್ಕನ ಕಡೆಗೆ ಜೀಪ್ ಅಣ್ಣನೇ ಆರು ಜನರನ್ನು ಕರ್ಕೊಂಡು ಹೋದ್ರು ಅಂತ ಕೇಳಿದೆ, ತುಂಬಾ ಖುಷಿಯಾಯ್ತು ಅಣ್ಣ.

ಲಿಸ್ಟಿಗೆ ಈವರೆಗೆ ನಾಲ್ಕು ಊರಿನವರು ಹೆಸರು ಕೊಟ್ಟಿದ್ದಾರೆ. ಯಾರ ಹತ್ರ ಮೆಷಿನ್, ಯಾರಿಗೆ ಕುಯ್ಲಿಕ್ಕೆ ಬರ್ತದೆ, ಯಾರ ಜೀಪಿಗೆ ವಿಂಚ್ ಉಂಟು, ಯಾವ ಮನೆಯಲ್ಲಿ ಆಕ್ಸಿಜನ್ ಅಥವಾ ಡಯಾಲಿಸಿಸ್‌ನವರು ಇದ್ದಾರೆ, ಎಲ್ಲಿ ಬಸುರಿ ಬಾಣಂತಿ ಇದ್ದಾರೆ, ಲೈನ್ ಮನೆಗಳು ಎಲ್ಲೆಲ್ಲಿ, ಯಾವ ಮನೆ ಜನರೇಟರ್‌ಗೆ ಚೇಂಜ್ ಓವರ್ ಇಲ್ಲ. ಪೇಪರಲ್ಲಿ ಬರೆದು ಊರಿನ ಅಂಗಡಿಯಲ್ಲಿ ಒಂದು ಕಾಪಿ ಇಡ್ತೇವೆ, ಟವರ್ ಹೋದಾಗ ಫೋನಲ್ಲಿ ಇದ್ದದ್ದು ಯಾರಿಗೂ ಸಿಗಲ್ಲ.

ಎಲ್ಸಿ ಇಲ್ಲದೆ ಮುಟ್ಟಬೇಡಿ

ನಿಮ್ಮ ಫೀಡರ್ ಈಗ 6:20ಕ್ಕೆ ಚಾರ್ಜ್ ಮಾಡಿ ಕರೆಂಟ್ ಬಿಟ್ವಿ. ಒಂದೊಂದು ಲೈಟ್ ಹಾಕಿ ನೋಡಿ, ಎಲ್ಲಾ ಒಟ್ಟಿಗೆ ಹಾಕಬೇಡಿ. ಆ ಚೇಂಜ್ ಓವರ್ ಇಲ್ಲದ ಮನೆಗಳ ಲಿಸ್ಟ್ ನಮಗೂ ಒಂದು ಕಾಪಿ ಕೊಡಿ ಸಾರ್.

ನಾಲ್ಕುನಾಡ್ ತೋಟ

ಬಂತು ಬಂತು. ಕಾಪಿ ನಾಳೆ ನಾನೇ ತಂದು ಕೊಡ್ತೇನೆ. ಮೊದಲು ಮನೆಗೆ ಹೋಗಿ ಮಲಗಿ ನೀವು.

ನಾಳೆ ಬೆಳಗ್ಗೆ ಏಳಕ್ಕೆ ಜಂಕ್ಷನ್‌ನಲ್ಲಿ ಸೇರುವ, ಶಾಲೆ ಹಿಂದಿನ ದಾರಿ ಬಾಕಿ ಉಂಟು, ಅಲ್ಲಿ ಬಾಗಿದ ಗಿಡ ಜಾಸ್ತಿ. ಶೂ ಹಾಕ್ಕೊಂಡು ಬನ್ನಿ, ಚಪ್ಪಲಿಯವರಿಗೆ ಮೆಷಿನ್ ಕೊಡಲ್ಲ ಅಂತ ಮಾವ ಹೇಳಿದ್ದಾರೆ. ಜಿಗಣೆಗೆ ಸುಣ್ಣ ಹೊಗೆಸೊಪ್ಪು ನಾನು ತರ್ತೇನೆ. ಬೆಣೆ ಇರುವವರು ಎರಡು ಜಾಸ್ತಿ ತನ್ನಿ, ನಮ್ಮದು ಒಂದು ಮರದೊಳಗೇ ಕಚ್ಚಿಕೊಂಡು ಉಳಿದಿದೆ.